ದರ ಕೇಳುವ ಮೊದಲು ತೂಕ ಕೇಳಿ

ಹೂಡೆ, ಕೋಡಿಬೆಂಗ್ರೆ, ಕೆಮ್ಮಣ್ಣು ಕಡೆಯ ಅಂಗಡಿಯವರಿಗೆ ಒಂದು ಪ್ರಶ್ನೆ. ನಿಮ್ಮ ಅಂಗಡಿ ಶಟರಿನ ತಗಡು ಎಷ್ಟು ಗೇಜಿನದು? ಹತ್ತರಲ್ಲಿ ಒಂಬತ್ತು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಶಟರು ಹಾಕಿಸಿದ್ದು ಎಷ್ಟಕ್ಕೆ? ಅದು ಮಾತ್ರ ಚಿಲ್ಲರೆ ಸಮೇತ ನೆನಪಿದೆ. ಪಕ್ಕದ ಅಂಗಡಿಯವನಿಗಿಂತ ಎಷ್ಟು ಕಡಿಮೆಗೆ ಮಾಡಿಸಿದೆ ಎಂಬುದೂ ನೆನಪಿದೆ. ಕರಾವಳಿಯ ಕಬ್ಬಿಣದ ಕೆಲಸ ಹಾಳಾಗುತ್ತಿರುವುದು ಇಲ್ಲಿಯೇ.

ಯುಗಾದಿ ಕಳೆದು ಪತ್ತನಾಜೆ ಬರುವುದರೊಳಗೆ ನಮ್ಮ ಕಡೆ ವೆಲ್ಡಿಂಗ್ ಶಾಪಿನವರಿಗೆ ಪುರುಸೊತ್ತು ಎಂಬುದಿಲ್ಲ. ಟೆರೇಸಿನ ಮೇಲೆ ಶೀಟು ಹಾಕಿಸುವವರು, ಅಂಗಡಿ ಮುಂದೆ ಮಳೆಗೆ ಮಾಡು ಇಳಿಸುವವರು, ಗೇಟು ಬದಲಿಸುವವರು, ಕಿಟಕಿಗೆ ಗ್ರಿಲ್ ಇಡಿಸುವವರು, ಎಲ್ಲರಿಗೂ ಒಂದೇ ಅವಸರ. ಮಳೆ ಬೀಳುವ ಮೊದಲು ಆಗಬೇಕು. ಗಿರಾಕಿ ಮೂರು ಕಡೆ ಹೋಗುತ್ತಾನೆ. ಮೂರೂ ಕಡೆ ಕೇಳುವುದು ಒಂದೇ ಮಾತು: "ಕಡಿಮೆಯಲ್ಲಿ ಎಷ್ಟಕ್ಕೆ ಆಗ್ತದೆ ಮಾರಾಯ್ರೆ?" ಯಾರು ಕಡಿಮೆ ಹೇಳಿದನೋ ಅವನಿಗೆ ಮುಂಗಡ. ಎಂಥ ಪೈಪು, ಎಂಥ ತಗಡು, ಯಾವ ಬಣ್ಣ, ಎಷ್ಟು ಸಲ ಬಣ್ಣ, ಯಾವ ದಿನ ಕೊಡುತ್ತಾನೆ ಎಂಬುದೆಲ್ಲ ಬಾಯಿಮಾತು. ಚೀಟಿಯಲ್ಲಿ ಇರುವುದು ಎರಡೇ ಸಾಲು: ಒಟ್ಟು ಇಷ್ಟು, ಮುಂಗಡ ಇಷ್ಟು.

ಕಡಿಮೆಯಾದದ್ದು ಎಲ್ಲಿಂದ?

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಕಬ್ಬಿಣ ನಮ್ಮೂರಲ್ಲಿ ಆಗುವ ವಸ್ತುವಲ್ಲ. ವೆಲ್ಡಿಂಗ್ ಶಾಪಿನವನೂ ಅದನ್ನು ಉಡುಪಿಯಿಂದಲೋ ಮಂಗಳೂರಿನಿಂದಲೋ ಕಿಲೋ ಲೆಕ್ಕದಲ್ಲಿ ತರುತ್ತಾನೆ. ಅಲ್ಲಿಯ ದರ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಕರೆಂಟು ದರ ಒಂದೇ, ವೆಲ್ಡಿಂಗ್ ರಾಡಿನ ದರ ಒಂದೇ, ಆಳಿನ ಸಂಬಳದಲ್ಲಿಯೂ ಅಂಥ ಅಂತರವಿಲ್ಲ. ಹಾಗಿರುವಾಗ ಒಬ್ಬ ಮೂವತ್ತು ಸಾವಿರ ಎಂದ ಕೆಲಸವನ್ನು ಇನ್ನೊಬ್ಬ ಇಪ್ಪತ್ತೆರಡಕ್ಕೆ ಮಾಡಿ ಕೊಡುತ್ತೇನೆ ಎಂದರೆ ಆ ಎಂಟು ಸಾವಿರ ಎಲ್ಲಿಂದ ಬಂತು? ಅವನೇನು ತನ್ನ ಮನೆಯಿಂದ ತರುತ್ತಾನೆಯೇ?

ಅದು ಬರುವುದು ಮೂರು ಕಡೆಯಿಂದ. ಮೊದಲನೆಯದು ದಪ್ಪ. ಒಂದಿಂಚಿನ ಚೌಕ ಪೈಪು, ಇಪ್ಪತ್ತಡಿ ಉದ್ದದ್ದು ತೆಗೆದುಕೊಳ್ಳಿ. 16 ಗೇಜು, ಅಂದರೆ 1.6 ಮಿ.ಮೀ. ದಪ್ಪದ್ದಾದರೆ ಅದು ಏಳು ಕಿಲೋ ಚಿಲ್ಲರೆ ತೂಗಬೇಕು. 18 ಗೇಜು, 1.2 ಮಿ.ಮೀ. ಆದರೆ ಸುಮಾರು ಐದೂವರೆ ಕಿಲೋ. 20 ಗೇಜು, 0.9 ಮಿ.ಮೀ. ಆದರೆ ನಾಲ್ಕು ಕಿಲೋಗೆ ಸ್ವಲ್ಪ ಮೇಲೆ. ಹೊರಗಿನಿಂದ ನೋಡಿದರೆ ಮೂರೂ ಒಂದಿಂಚು, ಮೂರೂ ಇಪ್ಪತ್ತಡಿ. ಮೇಲೆ ಬಣ್ಣ ಬಳಿದ ಮೇಲೆ ಬ್ರಹ್ಮನಿಗೂ ವ್ಯತ್ಯಾಸ ತಿಳಿಯದು. ಆದರೆ ಮೊದಲನೆಯದರಿಂದ ಮೂರನೆಯದಕ್ಕೆ ಬರುವಾಗ ಶೇಕಡಾ ನಲವತ್ತರಷ್ಟು ಕಬ್ಬಿಣ ಮಾಯವಾಗಿದೆ. ನೀವು ಚೌಕಾಸಿ ಮಾಡಿ ಉಳಿಸಿದ ದುಡ್ಡಿನಲ್ಲಿ ಹೆಚ್ಚು ಪಾಲು ಅದೇ.

ಎರಡನೆಯದು ಬೆಸುಗೆ. ಕೂಡುವ ಜಾಗದಲ್ಲಿ ಸುತ್ತಲೂ ಬೆಸುಗೆ ಹಾಕಬೇಕಾದಲ್ಲಿ ಎರಡು ಮೂಲೆಗೆ ಚುಕ್ಕಿ ಇಟ್ಟು, ಮೇಲೆ ಪುಟ್ಟಿ ಮೆತ್ತಿ, ಉಜ್ಜಿ ಬಿಟ್ಟರೆ ಕೆಲಸ ಅರ್ಧ ದಿನ ಬೇಗ ಮುಗಿಯುತ್ತದೆ. ಮೂರನೆಯದು ಬಣ್ಣದ ಅಡಿಯ ಬಣ್ಣ. ತುಕ್ಕು, ಎಣ್ಣೆ ಉಜ್ಜಿ ತೆಗೆದು, ಪ್ರೈಮರ್ ಎರಡು ಕೈ ಹಾಕಿ, ಅದು ಒಣಗಿದ ಮೇಲೆ ಬಣ್ಣ ಹಚ್ಚಬೇಕು. ಇದಕ್ಕೆ ಎರಡು ಮೂರು ದಿನ ಬೇಕು. ದರ ಇಳಿಸಿದವನಿಗೆ ಆ ದಿನಗಳಿಲ್ಲ. ಬೆಳಿಗ್ಗೆ ಬೆಸುಗೆ, ಸಂಜೆ ಬಣ್ಣ, ಮರುದಿನ ಟೆಂಪೋ. ಮೇಲೆ ಥಳಕು, ಒಳಗೆ ಹುಳುಕು ಎಂದು ಹಿರಿಯರು ಹೇಳಿದ್ದು ಇಂಥದಕ್ಕೆ.

ಹಾಗೆಂದು ಎಲ್ಲ ತಪ್ಪನ್ನೂ ವೆಲ್ಡಿಂಗ್ ಶಾಪಿನವನ ತಲೆಗೆ ಕಟ್ಟುವುದು ನ್ಯಾಯವಲ್ಲ. ಸರಿಯಾಗಿ ಮಾಡುವವನು ಸರಿಯಾದ ದರ ಹೇಳಿ ಗಿರಾಕಿಯನ್ನು ಕಳೆದುಕೊಳ್ಳುತ್ತಾನೆ. ಎರಡು ವರ್ಷ ಹೀಗಾದರೆ ಅವನೂ ಗೇಜು ಇಳಿಸಲು ಕಲಿಯುತ್ತಾನೆ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಎಂಬ ಗಿರಾಕಿಯೇ ಅವನನ್ನು ಹಾಗೆ ಮಾಡಿದ್ದು.

ಉಪ್ಪು ಗಾಳಿಗೆ ಸಾಲ ಗೊತ್ತಿಲ್ಲ

ಇದೇ ಕೆಲಸ ಬಯಲುಸೀಮೆಯಲ್ಲಿ ಆಗಿದ್ದರೆ ಹತ್ತು ವರ್ಷ ಗುಟ್ಟು ಉಳಿಯುತ್ತಿತ್ತು. ಹೂಡೆಯಲ್ಲಿ ಉಳಿಯುವುದಿಲ್ಲ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ, ನಡುವೆ ಮರಳಿನ ಪಟ್ಟಿ. ಗಾಳಿಯಲ್ಲಿ ಬರುವ ಉಪ್ಪಿನ ಕಣ ಕಬ್ಬಿಣದ ಮೇಲೆ ಕುಳಿತು ತೇವವನ್ನು ಹಿಡಿದಿಡುತ್ತದೆ. ಉಪ್ಪುನೀರಿನಲ್ಲಿ ತುಕ್ಕಿನ ಕೆಲಸ ಚುರುಕು. ಮಳೆಗೆ ನೇರ ಸಿಗುವ ಜಾಗವನ್ನಾದರೂ ಮಳೆ ತೊಳೆಯುತ್ತದೆ. ಮಾಡಿನ ಅಡಿ, ಶಟರಿನ ಕೆಳಗಿನ ಪಟ್ಟಿ, ಗೇಟಿನ ಒಳಮೂಲೆ, ಇಲ್ಲೆಲ್ಲ ಉಪ್ಪು ಕುಳಿತದ್ದು ಕುಳಿತಲ್ಲೇ. ಮೊದಲು ತೂತು ಬೀಳುವುದು ಅಲ್ಲಿಯೇ.

ಪೈಪಿನದು ಇನ್ನೂ ಮೋಸದ ಸಂಗತಿ. ತುದಿ ಮುಚ್ಚದೆ ಬಿಟ್ಟರೆ, ಬೆಸುಗೆ ಅರ್ಧ ಹಾಕಿದರೆ, ನೀರು ಒಳಗೆ ಹೋಗುತ್ತದೆ. ಒಳಮೈಗೆ ಬಣ್ಣವಿಲ್ಲ. ಹೊರಗೆ ಬಣ್ಣ ಮಿರಮಿರ ಎನ್ನುತ್ತಿರುವಾಗಲೇ ಒಳಗಿನಿಂದ ತಿಂದು ಬರುತ್ತದೆ. ಕಾಂಕ್ರೀಟಿನಲ್ಲಿ ಹುಗಿದ ಕಂಬದ ಬುಡದಲ್ಲಿ, ನೆಲಕ್ಕೆ ಸರಿಯಾಗಿ ಒಂದು ಉಂಗುರದಂತೆ ಕೊರೆಯುತ್ತದೆ. ಬಸ್ ತಂಗುದಾಣದಲ್ಲಿ ಕಂಬಕ್ಕೆ ಒರಗಿ ನಿಲ್ಲುವವರು ಒಮ್ಮೆ ಬುಡದ ಕಡೆ ಕಣ್ಣು ಹಾಯಿಸಲಿ, ಹೇಳಿದ್ದು ಅರ್ಥವಾಗುತ್ತದೆ.

"ನಾವು ಜಿಐ ಹಾಕಿದ್ದೇವೆ, ತುಕ್ಕು ಬರುವುದಿಲ್ಲ" ಎನ್ನುವವರಿದ್ದಾರೆ. ಜಿಐ ಅಂದರೆ ಕಬ್ಬಿಣದ ಮೇಲೆ ಸತುವಿನ ಲೇಪ. ಲೇಪ ಎಷ್ಟು ಎಂಬುದರ ಮೇಲೆ ಆಯುಷ್ಯ. ಚದರ ಮೀಟರಿಗೆ ಎರಡೂ ಮೈ ಸೇರಿ 120 ಗ್ರಾಂ ಸತು ಇರುವ ತಗಡೂ ಜಿಐ, 275 ಗ್ರಾಂ ಇರುವುದೂ ಜಿಐ. ಎರಡನೆಯದು ಒಂದನೆಯದರ ಎರಡು ಪಾಲಿಗಿಂತ ಹೆಚ್ಚು ಬಾಳುತ್ತದೆ. ಅಂಗಡಿಯಲ್ಲಿ ಎರಡಕ್ಕೂ ಒಂದೇ ಹೊಳಪು. ಬೆಸುಗೆ ಹಾಕಿದಲ್ಲಿ ಸತು ಸುಟ್ಟು ಹೋಗುತ್ತದೆ ಎಂಬುದನ್ನಂತೂ ಯಾರೂ ಹೇಳುವುದಿಲ್ಲ. ಆ ಜಾಗಕ್ಕೆ ಸತುವಿರುವ ಬಣ್ಣ ಹಚ್ಚದಿದ್ದರೆ ಜಿಐ ಹಾಕಿದ ಪುಣ್ಯ ಅಲ್ಲಿಗೇ ಮುಗಿಯಿತು.

ಸ್ಟೀಲಿನ ಕಥೆಯೂ ಬೇರೆಯಲ್ಲ. ಮೆಟ್ಟಿಲ ಕೈಹಿಡಿಗೆ ಸ್ಟೇನ್‌ಲೆಸ್ ಹಾಕಿಸುತ್ತಾರೆ, ಎರಡು ಮಳೆಗೆ ಚಹಾದ ಕಲೆಯಂತೆ ಕಂದು ಬಣ್ಣ. ಸ್ಟೀಲಿನಲ್ಲಿ 202, 304, 316 ಎಂದು ಜಾತಿಗಳಿವೆ. ಅಗ್ಗದ 202ರಲ್ಲಿ ನಿಕಲ್ ಕಡಿಮೆ. 304ರಲ್ಲಿ ಸುಮಾರು ಶೇ. 8. 316ರಲ್ಲಿ ನಿಕಲ್ ಜೊತೆಗೆ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿರುತ್ತದೆ, ಉಪ್ಪಿಗೆ ತಡೆಯುವ ಗುಣ ಅದರದು. ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುವ ಜಾಣರಿದ್ದಾರೆ. 202ಕ್ಕೂ ಅದು ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಪರೀಕ್ಷೆ ಮಾಡಿದ ಸಮಾಧಾನ ಮಾತ್ರ ಉಳಿಯುತ್ತದೆ.

ಬೈಲೂರು, ಮಾಲ್ವಣ, ಮೊರ್ಬಿ

ಇದು ಬರೇ ಗೇಟು, ಗ್ರಿಲ್ಲಿನ ವಿಚಾರ ಎಂದು ತಿಳಿಯಬೇಡಿ. ನಮ್ಮ ಜಿಲ್ಲೆಯಲ್ಲಿಯೇ ದೊಡ್ಡ ಉದಾಹರಣೆ ಇದೆ. ಕಾರ್ಕಳದ ಬೈಲೂರು ಉಮಿಕ್ಕಳ ಬೆಟ್ಟದ ಪರಶುರಾಮ ಥೀಂ ಪಾರ್ಕನ್ನು 2023ರ ಜನವರಿ 27ರಂದು ಉದ್ಘಾಟಿಸಲಾಯಿತು. ಕಾಮಗಾರಿ ಉಡುಪಿ ನಿರ್ಮಿತಿ ಕೇಂದ್ರದ್ದು. ಮೂವತ್ತಮೂರು ಅಡಿಯ ಮೂರ್ತಿ ಕಂಚಿನದು ಎಂದು ಸಾರಲಾಗಿತ್ತು. ವರ್ಷ ತುಂಬುವ ಮೊದಲೇ, ಅಕ್ಟೋಬರಿನಲ್ಲಿ, ಮೂರ್ತಿಯ ಮೇಲ್ಭಾಗ ಬೆಟ್ಟದಿಂದ ಇಳಿಯಿತು. ಕಂಚೋ, ಫೈಬರೋ ಎಂದು ಊರೆಲ್ಲ ಜಗಳ. 2024ರ ನವೆಂಬರಿನಲ್ಲಿ ಶಿಲ್ಪಿಯ ಬಂಧನವಾಯಿತು. 2025ರಲ್ಲಿ ಪೊಲೀಸರು ಸಲ್ಲಿಸಿದ ದೋಷಾರೋಪ ಪಟ್ಟಿ, ಅದು ಫೈಬರ್ ಅಲ್ಲ, ಕಂಚೂ ಅಲ್ಲ, ಹಿತ್ತಾಳೆ ಎಂದು ಹೇಳಿದ್ದಾಗಿ ವರದಿಯಾಯಿತು.

ತಪ್ಪು ಯಾರದು ಎಂದು ತೀರ್ಮಾನಿಸುವುದು ನ್ಯಾಯಾಲಯ, ಈ ಅಂಕಣವಲ್ಲ. ಯಾವ ಪಕ್ಷಕ್ಕೆ ಲಾಭ, ಯಾವ ಪಕ್ಷಕ್ಕೆ ನಷ್ಟ ಎಂಬುದೂ ಇಲ್ಲಿಯ ವಿಷಯವಲ್ಲ. ಗಮನಿಸಬೇಕಾದದ್ದು ಒಂದೇ. ಕಂಚು ಅಂದರೆ ತಾಮ್ರಕ್ಕೆ ತವರ ಬೆರೆಸಿದ್ದು, ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಎರಡನ್ನೂ ಬೇರೆ ಮಾಡಿ ಹೇಳಲು ಒಂದು ಚೂರು ಲೋಹ, ಒಂದು ಪ್ರಯೋಗಾಲಯ ಸಾಕು. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಲೋಹಶಾಸ್ತ್ರದ ವಿಭಾಗವೇ ಇದೆ. ಆ ಪರೀಕ್ಷೆಯ ಕಾಗದವನ್ನು ಉದ್ಘಾಟನೆಯ ಮೊದಲೇ ಎಲ್ಲರ ಮುಂದೆ ಇಟ್ಟಿದ್ದರೆ ಜಗಳಕ್ಕೆ ಜಾಗವೇ ಇರುತ್ತಿರಲಿಲ್ಲ. ಇದು ಅಗ್ಗದ ಕೆಲಸವೂ ಆಗಿರಲಿಲ್ಲ ಎಂಬುದನ್ನು ನೆನಪಿಡಿ. ಕೋಟಿಗಟ್ಟಲೆ ರೂಪಾಯಿಯ ಯೋಜನೆ. ದರ ಹೆಚ್ಚು ಕೊಟ್ಟ ಮಾತ್ರಕ್ಕೆ ಗುಣ ತಾನಾಗಿ ಬರುವುದಿಲ್ಲ, ಅಳೆದು ನೋಡಿದರೆ ಮಾತ್ರ ಬರುತ್ತದೆ.

ಇದೇ ಅರಬ್ಬಿ ಸಮುದ್ರದ ದಂಡೆಯಲ್ಲಿ, ಗೋವೆ ದಾಟಿದರೆ ಸಿಗುವ ಮಾಲ್ವಣದಲ್ಲಿ, ಮೂವತ್ತೈದು ಅಡಿಯ ಶಿವಾಜಿ ಪ್ರತಿಮೆ 2023ರ ಡಿಸೆಂಬರ್ 4ರಂದು ಅನಾವರಣಗೊಂಡು 2024ರ ಆಗಸ್ಟ್ 26ರಂದು ನೆಲಕ್ಕೆ ಬಿತ್ತು. ಒಂಬತ್ತು ತಿಂಗಳೂ ನಿಲ್ಲಲಿಲ್ಲ. ತನಿಖಾ ಸಮಿತಿ ಕಂಡದ್ದು ತುಕ್ಕು, ದುರ್ಬಲ ಚೌಕಟ್ಟು, ಸರಿಯಲ್ಲದ ಬೆಸುಗೆ. ನಮ್ಮ ಶಟರಿಗೆ ಬರುವ ಮೂರೂ ರೋಗ ಅಲ್ಲಿಯೂ ಇದ್ದವು. ಬಿದ್ದಲ್ಲಿ ಹೊಸ ಪ್ರತಿಮೆ ನಿಲ್ಲಿಸಬೇಕಾಯಿತು.

ಮೊರ್ಬಿಯಲ್ಲಿ ಬಿದ್ದದ್ದು ಪ್ರತಿಮೆಯಲ್ಲ. ಗುಜರಾತಿನ ಆ ಊರಿನ ಹಳೆಯ ತೂಗುಸೇತುವೆಯನ್ನು ದುರಸ್ತಿ ಮಾಡಿ ನಡೆಸುವ ಹೊಣೆಯನ್ನು ಗೋಡೆ ಗಡಿಯಾರಕ್ಕೆ ಹೆಸರಾದ ಸಂಸ್ಥೆಯೊಂದಕ್ಕೆ ಕೊಡಲಾಗಿತ್ತು. ದುರಸ್ತಿ ಮುಗಿಯಿತು ಎಂದು ತೆರೆದ ನಾಲ್ಕೇ ದಿನಕ್ಕೆ, 2022ರ ಅಕ್ಟೋಬರ್ 30ರಂದು, ಸೇತುವೆ ಹರಿದು 135 ಜನ ಸತ್ತರು. ವಿಶೇಷ ತನಿಖಾ ತಂಡ ಹೇಳಿದ್ದೇನು? ಮುಖ್ಯ ಕೇಬಲೊಂದರ 49 ತಂತಿಗಳಲ್ಲಿ 22 ಮೊದಲೇ ತುಕ್ಕು ತಿಂದಿದ್ದವು. ನೇತಾಡುವ ಹಳೆಯ ಸರಳುಗಳಿಗೇ ಹೊಸ ಸರಳು ಬೆಸೆಯಲಾಗಿತ್ತು. ಮರದ ಹಲಗೆ ತೆಗೆದು ಲೋಹದ ಹಾಸು ಹಾಕಿ ಭಾರ ಹೆಚ್ಚಿಸಲಾಗಿತ್ತು. ಮೇಲಿನ ಹಾಸು ಹೊಸತು, ಹೊರುವ ಕೇಬಲು ಹಳತು.

ಕೆಮ್ಮಣ್ಣಿನಲ್ಲಿ ತಿಮ್ಮಣ್ಣಕುದ್ರುವಿನ ತೂಗುಸೇತುವೆ ಮೇಲೆ ನಡೆದವರಿಗೆ ಈ ಜಾತಿಯ ಸೇತುವೆ ಹೊಸತಲ್ಲ. ನಮ್ಮ ಕಡೆಗೆ ಇದರ ಹೆಸರು ಬಂದದ್ದು ಸುಳ್ಯದ ಗಿರೀಶ ಭಾರದ್ವಾಜರಿಂದ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದ ಈ ಇಂಜಿನಿಯರ್ ಆಮೇಲೆ ನೂರಕ್ಕೂ ಹೆಚ್ಚು ಕಟ್ಟಿದರು, 2017ರಲ್ಲಿ ಪದ್ಮಶ್ರೀ ಪಡೆದರು. ಅವರ ಸೇತುವೆಗಳು ಕಾಂಕ್ರೀಟ್ ಸೇತುವೆಗಿಂತ ಎಷ್ಟೋ ಕಡಿಮೆ ಖರ್ಚಿನವು. ಅಲ್ಲಿ ಉಳಿತಾಯ ಬಂದದ್ದು ತಲೆಯಿಂದ, ತಗಡಿನ ದಪ್ಪದಿಂದಲ್ಲ. ಕಡಿಮೆ ಖರ್ಚಿನಲ್ಲಿ ಮಾಡುವುದು ಬೇರೆ, ಅಗ್ಗಕ್ಕೆ ಮಾಡುವುದು ಬೇರೆ.

"ಕಾನೂನೇ ಹಾಗಿದೆ" ಎಂಬ ನೆಪ

ಪಂಚಾಯತಿ, ಇಲಾಖೆಗಳಲ್ಲಿ ಕೇಳಿದರೆ ಸಿದ್ಧ ಉತ್ತರ ಒಂದಿದೆ: "ಎಂತ ಮಾಡುವುದು? ಕಡಿಮೆ ದರದವನಿಗೇ ಕೊಡಬೇಕು ಅಂತ ಕಾನೂನು." ಅರ್ಧ ಸತ್ಯ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಕನಿಷ್ಠ ದರದ ಟೆಂಡರನ್ನು ಒಪ್ಪಬೇಕು ಎನ್ನುವುದು ನಿಜ. ಆದರೆ ಆ ಕನಿಷ್ಠವನ್ನು ಟೆಂಡರ್ ಕಾಗದದಲ್ಲಿ ಮೊದಲೇ ಬರೆದ ಅಳತೆಗಳ ಪ್ರಕಾರ ಲೆಕ್ಕ ಹಾಕಬೇಕು ಎಂದೂ ಅದು ಹೇಳುತ್ತದೆ. ತಾಂತ್ರಿಕ ಲಕೋಟೆ ಮೊದಲು, ದರದ ಲಕೋಟೆ ಆಮೇಲೆ ಎಂಬ ಎರಡು ಲಕೋಟೆ ಪದ್ಧತಿಯೂ ಇದೆ. ಕಾಗದದಲ್ಲಿ "ಕಬ್ಬಿಣದ ತಂಗುದಾಣ, ಒಂದು" ಎಂದಷ್ಟೇ ಬರೆದರೆ ತೆಳು ತಗಡಿನವನು ಗೆಲ್ಲದೆ ಇನ್ನಾರು ಗೆಲ್ಲಬೇಕು? ದಪ್ಪ ಎಷ್ಟು, ಸತು ಎಷ್ಟು, ಬುಡಕ್ಕೆ ರಕ್ಷಣೆ ಏನು, ಎಷ್ಟು ವರ್ಷ ದುರಸ್ತಿ ಹೊಣೆ ಎಂದು ಬರೆದ ಮೇಲೆ ಕಡಿಮೆ ದರದವನಿಗೆ ಕೊಟ್ಟರೆ ಯಾರ ತಕರಾರೂ ಇಲ್ಲ.

ಕೇಂದ್ರದ ಹಣಕಾಸು ಇಲಾಖೆಯೇ 2021ರ ಅಕ್ಟೋಬರಿನಲ್ಲಿ ಹೊರಡಿಸಿದ ಸೂಚನೆಯಲ್ಲಿ, ಗುಣಮಟ್ಟ ಮುಖ್ಯವಾದ ಕಾಮಗಾರಿಗಳಲ್ಲಿ ಶೇ. 30ರವರೆಗೆ ಅಂಕವನ್ನು ದರವಲ್ಲದ ಅಂಶಗಳಿಗೆ ಕೊಡಬಹುದು ಎಂದಿತು. ದಿಲ್ಲಿಗೆ ತಿಳಿದದ್ದು ನಮ್ಮ ಗ್ರಾಮಸಭೆಗೂ ತಿಳಿಯಲಿ. ತಂಗುದಾಣದ ಬಿಲ್ಲು ಪಾಸಾಗುವ ಮೊದಲು ಪೈಪಿನ ದಪ್ಪ ಎಷ್ಟು ಎಂದು ಕೇಳುವ ಹಕ್ಕು ಅಲ್ಲಿ ಬಸ್ಸಿಗೆ ಕಾಯುವ ಪ್ರತಿಯೊಬ್ಬನಿಗೂ ಇದೆ.

ಸರಿಯಾದ ಪದ್ಧತಿ ನೋಡಬೇಕಾದರೆ ದೂರ ಹೋಗಬೇಕಾಗಿಲ್ಲ. ಕೋಡಿಬೆಂಗ್ರೆಯ ತುದಿಯಲ್ಲಿ ನಿಂತರೆ ಅಳಿವೆಯ ಆಚೆ ಹಂಗಾರಕಟ್ಟೆ. ಅಲ್ಲಿ ಮತ್ತು ಮಲ್ಪೆಯಲ್ಲಿ ಇರುವ ಹಳೆಯ ಟೆಬ್ಮಾ ಹಡಗುಕಟ್ಟೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡು, ಮುಂದೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿತು. 2023ರಲ್ಲಿ ನಾರ್ವೆಯ ವಿಲ್ಸನ್ ಸಂಸ್ಥೆ ತಲಾ 3,800 ಟನ್ನಿನ ಆರು ಸರಕು ಹಡಗುಗಳಿಗೆ ಇಲ್ಲಿಗೇ ಬೇಡಿಕೆ ಕೊಟ್ಟಿತು. ಗಾಳಿ ಅದೇ, ಉಪ್ಪು ಅದೇ, ಬೆಸುಗೆಯ ವಿದ್ಯೆಯೂ ಅದೇ. ಆದರೆ ಹಡಗು ಕಟ್ಟುವ ಕೆಲಸದಲ್ಲಿ ಉಕ್ಕಿನ ಪ್ರತಿ ಹಾಳೆಗೂ ಗಿರಣಿಯ ಪ್ರಮಾಣಪತ್ರ ಬೇಕು, ಬೆಸುಗೆ ಹಾಕುವವನಿಗೆ ಪರೀಕ್ಷೆ ಇದೆ, ಹಾಕಿದ ಬೆಸುಗೆಗೂ ಪರೀಕ್ಷೆ ಇದೆ, ನೋಡಲು ಹೊರಗಿನ ಸರ್ವೇಯರ್ ಬರುತ್ತಾನೆ. ಕೊಳ್ಳುವವನು ಕೇಳುತ್ತಾನೆ, ಆದ್ದರಿಂದ ಮಾಡುವವನು ಕೊಡುತ್ತಾನೆ.

ಅಂಗಡಿಯವನು ಮಾಡಬೇಕಾದದ್ದು

ಶಟರಿಗೆ ಸರ್ವೇಯರ್ ಬೇಡ. ಒಂದು ಹಾಳೆ, ಒಂದು ತಕ್ಕಡಿ ಸಾಕು. ಕೊಟೇಶನ್ ಕೇಳುವಾಗ ಮೂವರಿಗೂ ಒಂದೇ ವಿವರ ಕೊಡಿ: ಇಂಥ ಗೇಜು, ಇಂಥ ಲೇಪ, ಸುತ್ತಲೂ ಬೆಸುಗೆ, ಪೈಪಿನ ತುದಿ ಮುಚ್ಚಬೇಕು, ಪ್ರೈಮರ್ ಎರಡು ಕೈ. ದರವನ್ನು ಚದರಡಿಗೆ ಮಾತ್ರ ಕೇಳಬೇಡಿ, ಒಟ್ಟು ತೂಕ ಎಷ್ಟು ಬರುತ್ತದೆ ಎಂದೂ ಬರೆಸಿ. ಒಂದು ಮಿ.ಮೀ. ದಪ್ಪದ ಉಕ್ಕು ಚದರ ಮೀಟರಿಗೆ 7.85 ಕಿಲೋ ತೂಗುತ್ತದೆ ಎಂಬ ಒಂದು ಲೆಕ್ಕ ನೆನಪಿದ್ದರೆ ಯಾರೂ ನಿಮಗೆ ಟೋಪಿ ಹಾಕಲಾರರು. ಬಣ್ಣ ಹಚ್ಚುವ ಮೊದಲು ಒಮ್ಮೆ ಶಾಪಿಗೆ ಹೋಗಿ ನೋಡಿ ಬನ್ನಿ. ಪಕ್ಕಾ ಬಿಲ್ಲು ಕೇಳಿ. ಕೊನೆಯ ಕಂತನ್ನು ಒಂದು ಮಳೆ ನೋಡಿ ಕೊಡುತ್ತೇನೆ ಎಂದು ಮೊದಲೇ ಹೇಳಿ. ಒಪ್ಪುವವನು ಯಾರು, ಮುಖ ಸಿಂಡರಿಸುವವನು ಯಾರು ಎಂಬುದರಲ್ಲೇ ಅರ್ಧ ಉತ್ತರ ಸಿಗುತ್ತದೆ.

ಇನ್ನರ್ಧ, ಮಾತಿಗೆ ನಿಲ್ಲುವ ಗುಣ. ಇದನ್ನು ನಮ್ಮ ಬಸ್ಸಿನ ಧಣಿಗಳಿಂದ ಕಲಿಯಬೇಕು. ಬಸ್ಸು ಗ್ಯಾರೇಜಿನಲ್ಲಿ ನಿಂತ ಒಂದೊಂದು ದಿನವೂ ಟ್ರಿಪ್ಪಿನ ಕಲೆಕ್ಷನ್ ಹೋಯಿತು. ಹಾಗಾಗಿ ಬಾಡಿ ಕೆಲಸಕ್ಕೆ ಅವರು ಹುಡುಕುವುದು ಹೇಳಿದ ದಿನಕ್ಕೆ ಬಿಟ್ಟುಕೊಡುವವನನ್ನು, ಹತ್ತು ಸಾವಿರ ಕಡಿಮೆ ಹೇಳುವವನನ್ನಲ್ಲ. ಅಂಗಡಿಗೂ ಇದೇ ಲೆಕ್ಕ. ಆಟಿ ತಿಂಗಳ ಮಳೆಯಲ್ಲಿ ಬೆಳಿಗ್ಗೆ ಶಟರಿನ ಸ್ಪ್ರಿಂಗ್ ತುಂಡಾಗಿ ಅರ್ಧಕ್ಕೆ ನಿಂತರೆ, ಫೋನು ಮಾಡಿದ ಕೂಡಲೇ ಬರುವವನು ಬೇಕು. ಅವನು ಹಿಂದೆ ಮಾಡಿದ ಕೆಲಸ, ಅದರಲ್ಲೂ ಮೂರು ಮಳೆ ಕಂಡ ಕೆಲಸ ಎಲ್ಲಿದೆ ಎಂದು ಕೇಳಿ, ಹೋಗಿ ನೋಡಿ, ಆ ಅಂಗಡಿಯವರ ಹತ್ತಿರ ನಾಲ್ಕು ಮಾತಾಡಿ. ಹೊಸ ಕೆಲಸದ ಫೋಟೋ ನೋಡಿ ಮರುಳಾಗಬೇಡಿ.

"ಇದೆಲ್ಲ ದುಡ್ಡಿದ್ದವರಿಗೆ" ಎಂಬ ಮಾತು ಬರುತ್ತದೆ. ಸಣ್ಣ ಅಂಗಡಿಯವನಿಗೆ ಎಂಟು ಸಾವಿರ ಸಣ್ಣ ಮೊತ್ತವಲ್ಲ, ಒಪ್ಪುವ ಮಾತೇ. ಆದರೆ ಲೆಕ್ಕಕ್ಕೆ ಹೇಳುವುದಾದರೆ, ಇಪ್ಪತ್ತೆರಡು ಸಾವಿರದ ಶಟರು ನಾಲ್ಕು ವರ್ಷಕ್ಕೆ ಹೋದರೆ ವರ್ಷಕ್ಕೆ ಐದೂವರೆ ಸಾವಿರ. ಮೂವತ್ತು ಸಾವಿರದ್ದು ಹತ್ತು ವರ್ಷ ಬಂದರೆ ವರ್ಷಕ್ಕೆ ಮೂರು ಸಾವಿರ. ಕೈಯಲ್ಲಿ ಕಾಸು ಕಡಿಮೆಯಿದ್ದರೆ ಗೇಟಿನ ಬಳ್ಳಿ, ಹೂವು, ನವಿಲು ಬಿಡಿ. ಮಾಡು ಈ ವರ್ಷ ಅರ್ಧ, ಬರುವ ವರ್ಷ ಅರ್ಧ ಮಾಡಿಸಿ. ದಪ್ಪದಲ್ಲಿ, ಪ್ರೈಮರಿನಲ್ಲಿ ಕೈ ಬಿಗಿ ಹಿಡಿಯಬೇಡಿ. ಹಾಗೆಯೇ ಬೇಕಿಲ್ಲದ ಕಡೆ ಸುರಿಯಲೂ ಬೇಡಿ. ಕಡಲಿಗೆ ಮುಖ ಮಾಡಿದ ಹೂಡೆಯ ಕೈಹಿಡಿಗೆ 316 ಸ್ಟೀಲು ಬೇಕಾದೀತು, ಘಟ್ಟದ ಬುಡದ ಕಾರ್ಕಳದ ಮನೆಯೊಳಗಿನ ಮೆಟ್ಟಿಲಿಗೆ ಅದು ದಂಡ. ಜಾಗ ನೋಡಿ ಸರಕು ಹೇಳುವವನೇ ಕೆಲಸ ಬಲ್ಲವನು. ಎಲ್ಲ ಕಡೆಗೂ ಅತಿ ದುಬಾರಿಯದನ್ನೇ ಹೊರಿಸುವವನೂ, ಎಲ್ಲ ಕಡೆಗೂ ಅಗ್ಗದ್ದನ್ನೇ ಮಾಡಿ ಕೊಡುವವನೂ ಒಂದೇ ತಕ್ಕಡಿಯವರು.

ಶಟರು ಹಾಕಿಸುವುದು ಅಂಗಡಿ ಕಾಯಲಿಕ್ಕೆ. ತುಕ್ಕು ಹಿಡಿದ ಕೆಳಪಟ್ಟಿಗೆ ಕಳ್ಳನ ಹಾರೆಯೂ ಬೇಡ, ಬೂಟುಗಾಲಿನ ಒದೆ ಸಾಕು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆಮೇಲೆ ದಪ್ಪ ತಗಡು ಹುಡುಕಿ ಪ್ರಯೋಜನವಿಲ್ಲ. ಈ ಸಲ ಮುಂಗಡ ಕೊಡುವ ಮೊದಲು ಕೊಟೇಶನ್ ಚೀಟಿಯಲ್ಲಿ ಇನ್ನೊಂದು ಸಾಲು ಬರೆಸಿಕೊಳ್ಳಿ: ತೂಕ ಇಷ್ಟು ಕಿಲೋ.